ಮೂರು ಸಾಲಿನ ಸೋಡಚೀಟಿ

ಸೋಡಚೀಟಿಗೆ ಮೂರು ಸಾಲು ಸಾಕಾಗುತ್ತಿತ್ತು. ಇಂಥ ಊರಿನ ಇಂಥವನ ಮಗ ಇಂಥವನು ತನ್ನ ಹೆಂಡತಿ ಇಂಥವಳಿಗೆ ಬರೆದುಕೊಟ್ಟ ಸೋಡಚೀಟಿ ಏನಂದರೆ: ನಿನಗೂ ನನಗೂ ಹೊಂದಿ ಬರಲಿಲ್ಲ, ಇಂದಿನಿಂದ ನಮ್ಮ ಗಂಡ-ಹೆಂಡಿರ ಸಂಬಂಧ ಹರಿಯಿತು, ಇನ್ನು ಮುಂದೆ ನೀನು ಬೇಕಾದವರ ಕೂಡ ಉಡಿಕಿ ಮಾಡಿಕೊಂಡರೆ ನನ್ನ ತಕರಾರಿಲ್ಲ. ಕೆಳಗೆ ಗಂಡನ ಹೆಬ್ಬೆಟ್ಟು, ಪಂಚರ ಸಹಿ, ಕೊನೆಗೆ ಬರೆದವನ ಬಿಕಲಂ. ಮುಗಿಯಿತು. ವಕೀಲರಿಲ್ಲ, ಸಮನ್ಸ್ ಇಲ್ಲ, ತಾರೀಖಿನ ಮೇಲೆ ತಾರೀಖು ಇಲ್ಲ.

ನಮ್ಮ ಮಾವನವರು ಧಾರವಾಡದ ಕೋರ್ಟಿನ ಕಂಪೌಂಡಿನಲ್ಲಿ ಬೇವಿನ ಗಿಡದ ಕೆಳಗೆ ಕುಳಿತು ಪತ್ರ ಬರೆಯುತ್ತಿದ್ದವರು. ಖರೀದಿ ಪತ್ರ, ಗಹಾಣ ಪತ್ರ, ವಾಟ್ನಿ ಪತ್ರ, ದತ್ತಕ ಪತ್ರ. ಇವುಗಳ ನಡುವೆ ಆಗೊಂದು ಈಗೊಂದು ಸೋಡಚೀಟಿ. ನಾನು ಸೊಸೆಯಾಗಿ ಬಂದ ಹೊತ್ತಿಗೆ ಕಣ್ಣು ಮಂಜಾಗಿ ಕೋರ್ಟಿಗೆ ಹೋಗುವುದನ್ನು ಬಿಟ್ಟಿದ್ದರು. ಹಳೆಯ ಗಿರಾಕಿಗಳು ಮಾತ್ರ ಮನೆಗೇ ಬರುತ್ತಿದ್ದರು. ನಾನಾಗ ಲಾ ಕಾಲೇಜಿನಲ್ಲಿ ಹಿಂದೂ ವಿವಾಹ ಕಾಯ್ದೆ ಓದುತ್ತಿದ್ದೆ. ಪುಸ್ತಕದಲ್ಲಿ ವಿಚ್ಛೇದನವೆಂದರೆ ಹದಿಮೂರನೇ ಕಲಂ, ಪಡಸಾಲೆಯಲ್ಲಿ ವಿಚ್ಛೇದನವೆಂದರೆ ಮಾವನವರ ಮೂರು ಸಾಲು. "ಇದಕ್ಕ ಕಾಯ್ದೇಶೀರ ಬೆಲಿ ಅದ ಏನ್ರಿ ಮಾವಾರ?" ಎಂದು ಒಮ್ಮೆ ಕೇಳಿದ್ದೆ. "ಬೆಲಿ ದೈವದವರು ಕೊಟ್ಟಾರ. ನಾ ಬರೇ ಬರಿಯಾಂವ" ಅಂದರು.

ಆ ಬೆಲೆ ಕೊಡುವ ಕೆಲಸ ಸಣ್ಣದಾಗಿರಲಿಲ್ಲ. ಊರಿನ ಅಥವಾ ಜಾತಿಯ ಹಿರಿಯರು, ಅಂದರೆ ದೈವದವರು, ಗುಡಿಯ ಕಟ್ಟೆಗೆ ಕೂಡುತ್ತಿದ್ದರು. ಹೆಣ್ಣಿನ ತವರಿನವರು ಒಂದು ಕಡೆ, ಗಂಡಿನವರು ಇನ್ನೊಂದು ಕಡೆ. ಮೊದಲು ಕೂಡಿಸುವ ಮಾತು: ಇನ್ನೊಂದು ಸಲ ಕಳಿಸಿ ನೋಡ್ರಿ, ಒಂದು ಸುಗ್ಗಿ ಕಳೀಲಿ. ಅದು ಸಾಗದಿದ್ದರೆ ಲೆಕ್ಕ ಶುರು. ಲಗ್ನದಲ್ಲಿ ಕೊಟ್ಟ ತೆರ ಎಷ್ಟು, ಹಾಕಿದ ಬಂಗಾರ ಯಾರದು, ತವರಿನಿಂದ ಬಂದ ಭಾಂಡೆ ಸಾಮಾನು ಎಲ್ಲಿ, ಗಂಡನ ಮನೆಯ ಕೊಟ್ಟಿಗೆಯಲ್ಲಿ ನಿಂತ ಆಕಳು ಯಾರಿಗೆ ಸೇರಬೇಕು, ಲಗ್ನಕ್ಕೆಂದು ಎತ್ತಿದ ಸಾಲ ಯಾರ ತಲೆಗೆ. ತಾಳಿ ಗಂಡಿನವರದು, ವಾಪಸು ಹೋಗಬೇಕು. ಕೂಸು ಮೊಲೆ ಬಿಡುವ ತನಕ ತಾಯಿಯ ಹತ್ತಿರ, ಆಮೇಲೆ ತಂದೆಯ ಹತ್ತಿರ. ದೈವಕ್ಕೆ ಕಟ್ಟುವ ದಂಡ ಬೇರೆ. ಇದ್ಯಾವುದೂ ಚೀಟಿಯಲ್ಲಿ ಬರುತ್ತಿರಲಿಲ್ಲ. ಹತ್ತು ಮಂದಿಯ ಎದುರು ಆಡಿದ ಮಾತೇ ದಾಖಲೆ. ಬರೆಯುವುದು ಗಳಿಗೆ ಹೊತ್ತಿನ ಕೆಲಸ, ಆಕಳಿನ ಜಗಳ ಬೆಳಗಾಗುವ ತನಕದ್ದು ಎಂದು ಮಾವನವರು ನಗುತ್ತಿದ್ದರು.

ಹೆಣ್ಣುಮಗಳು ಎಲ್ಲಿರುತ್ತಿದ್ದಳು? ಕಟ್ಟೆಯ ಮೇಲಂತೂ ಅಲ್ಲ. ಅವಳ ಪರವಾಗಿ ಮಾತಾಡುವವರು ಅಣ್ಣ, ಕಾಕಾ, ಸೋದರಮಾವ. ಅವರ ಮನಸ್ಸಿನಲ್ಲಿ ಅವಳ ಸುಖವೂ ಇರುತ್ತಿತ್ತು, ತೆರ ವಾಪಸು ಕೊಡಬೇಕಾದೀತೆಂಬ ಹೆದರಿಕೆಯೂ ಇರುತ್ತಿತ್ತು. ಮಾವನವರ ಟ್ರಂಕಿನಲ್ಲಿ ಉಳಿದಿದ್ದ ನಕಲುಗಳನ್ನು ನಾನು ತಿರುವಿ ನೋಡಿದ್ದೇನೆ. ಬಿಟ್ಟವನ ಗುರುತಿದೆ, ಸಾಕ್ಷಿಗಳ ಗುರುತಿದೆ. ಬಿಡಿಸಿಕೊಂಡವಳ ಹೆಬ್ಬೆಟ್ಟಿಗೆ ಜಾಗವೇ ಇಲ್ಲ. ಚೀಟಿ ಅವಳ ಕೈಯಲ್ಲಿ ಇರಬೇಕಾದದ್ದು, ಅವಳು ಬರೆಯಬೇಕಾದದ್ದಲ್ಲ.

ವಿಚಾರ ಸಂಕಿರಣಗಳಲ್ಲಿ ಯಾರಾದರೂ ಎದ್ದುನಿಂತು, ಹಿಂದಿನ ಪಂಚಾಯ್ತಿಗಳೇ ಚೆನ್ನಾಗಿದ್ದವು, ಕೋರ್ಟು ಬಂದು ಕೆಡಿಸಿತು ಎಂದಾಗ ನನಗೆ ಆ ಖಾಲಿ ಜಾಗ ನೆನಪಾಗುತ್ತದೆ. ಹಾಗೆಂದು ಕಟ್ಟೆಯನ್ನು ಪೂರಾ ಹಳಿಯಲಾರೆ. ಹೊಂದದ ಸಂಬಂಧವನ್ನು ಬಿಡಬಹುದು, ಬಿಟ್ಟ ಹೆಣ್ಣು ಮತ್ತೆ ಸಂಸಾರ ಹೂಡಬಹುದು ಎಂಬ ಮಾತನ್ನು ಅದು ನಾಚಿಕೆಯಿಲ್ಲದೆ ಒಪ್ಪಿಕೊಂಡಿತ್ತು. ಓದಿದ ಜಾತಿಗಳು ಅದನ್ನು ಒಪ್ಪಲು ಪಾರ್ಲಿಮೆಂಟಿನಲ್ಲಿ ವರ್ಷಗಟ್ಟಲೆ ಜಗಳವಾಡಬೇಕಾಯಿತು.

ಹಳೇ ಮೈಸೂರಿನ ಕಡೆ ಬಿಟ್ಟವಳ ಈ ಉಡಿಕಿಗೆ, ಅಂದರೆ ಮರುಮದುವೆಗೆ, ಕೂಡಾವಳಿ, ಸೀರುಡಿಕೆ ಎಂಬ ಹೆಸರುಗಳಿದ್ದವು. ಅಲ್ಲಿನ ಜಾತಿಗಳ ರೂಢಿಗಳನ್ನು ಕೂಡಿಹಾಕಿದವರು ಎಚ್.ವಿ. ನಂಜುಂಡಯ್ಯನವರು. ಮೈಸೂರು ಚೀಫ್ ಕೋರ್ಟಿನ ನ್ಯಾಯಾಧೀಶರು, ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು, ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿಗಳು. ಹಗಲು ಇಂಗ್ಲಿಷರ ಕಾಯ್ದೆಯ ಪ್ರಕಾರ ತೀರ್ಪು ಹೇಳುವ ಮನುಷ್ಯ ಕೋರ್ಟಿನ ಹೊರಗೆ ನಡೆಯುವ ತೀರ್ಪುಗಳನ್ನು ಇಷ್ಟು ಆಸ್ಥೆಯಿಂದ ಬರೆದಿಟ್ಟದ್ದು ನನಗೆ ಇವತ್ತಿಗೂ ಸೋಜಿಗ. ಅವರು ತೀರಿಕೊಂಡ ಮೇಲೆ ಅನಂತಕೃಷ್ಣ ಅಯ್ಯರ್ ಅವರ ಕೈಯಿಂದ ಸಂಪುಟಗಳಾಗಿ 1928ರಿಂದ ಹೊರಬಂದ ಆ ಬರಹದಲ್ಲಿ ಜಾತಿಯಿಂದ ಜಾತಿಗೆ ಇದೇ ಕತೆ: ಬಿಟ್ಟವಳನ್ನು ಕೂಡಿಕೊಳ್ಳುವವನು ಮೊದಲ ಗಂಡನ ಲಗ್ನದ ಖರ್ಚು ತುಂಬಿಕೊಡಬೇಕು, ಕೂಡಾವಳಿ ರಾತ್ರಿ ನಡೆಯಬೇಕು, ಮುತ್ತೈದೆಯರು ಅತ್ತ ಸುಳಿಯಬಾರದು, ಹಾಗೆ ಕೂಡಿಕೆಯಾದವಳು ಮುಂದೆ ಮದುವೆಮನೆಯ ಹಸೆಯ ಹತ್ತಿರ ಬರಬಾರದು. ಬಿಡುಗಡೆ ಇತ್ತು, ಅದಕ್ಕೆ ತೆತ್ತ ಬೆಲೆಯೂ ಇತ್ತು.

ಕರಾವಳಿಯ ಅಳಿಯಸಂತಾನದವರ ದಾರಿ ಬೇರೆ. ಅಲ್ಲಿ ಆಸ್ತಿ ತಾಯಿಯ ಕಡೆಯಿಂದ ಹರಿಯುತ್ತಿದ್ದುದರಿಂದ ಗಂಡನ ಮನೆ ಬಿಟ್ಟವಳಿಗೆ ನಿಲ್ಲಲು ತನ್ನದೇ ನೆಲ ಇತ್ತು, ಬಿಡುವುದೂ ಹಗುರ. ಮದ್ರಾಸಿನ 1949ರ ಅಳಿಯಸಂತಾನ ಕಾಯ್ದೆ ಈ ರೂಢಿಯನ್ನು ಕಾಗದಕ್ಕೆ ತಂದಾಗ ಇಬ್ಬರೂ ಬರೆದು ನೋಂದಾಯಿಸಿದ ಪತ್ರದಿಂದಲೇ ಮದುವೆ ಮುಗಿಯಬಹುದೆಂದು ಒಪ್ಪಿತು. ಇಬ್ಬರೂ ಬರೆದ ಪತ್ರ ಎಂಬುದನ್ನು ಗಮನಿಸಬೇಕು. ಮಂಗಳೂರಿನ ಸಬ್ ರಿಜಿಸ್ಟ್ರಾರ್ ಕಚೇರಿ ಧಾರವಾಡದ ಬೇವಿನ ಗಿಡಕ್ಕಿಂತ ಒಂದು ಹೆಜ್ಜೆ ಮುಂದಿತ್ತು.

ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬೈ ಇಲಾಖೆಯಲ್ಲಿದ್ದವು. ಹಾಗಾಗಿ ಸೋಡಚೀಟಿಯ ಹಣೆಬರಹ ಬರೆದದ್ದು ಮುಂಬೈ ಹೈಕೋರ್ಟು. ಕುಂಪನಿ ಸರಕಾರ ಮೊದಮೊದಲು ಜಾತಿಯ ವ್ಯವಹಾರಕ್ಕೆ ಕೈಹಾಕಲು ಅಂಜುತ್ತಿತ್ತು. ದಖ್ಖನದ ಜಾತಿಗಳ ರೂಢಿ ಏನೆಂದು ಆರ್ಥರ್ ಸ್ಟೀಲ್ ಎಂಬ ಅಧಿಕಾರಿ 1827ರಲ್ಲಿ ಪುಸ್ತಕವನ್ನೇ ಮಾಡಿಕೊಟ್ಟಿದ್ದ. ಐವತ್ತು ವರ್ಷ ಕಳೆಯುವುದರೊಳಗೆ ಆ ಅಂಜಿಕೆ ಹೋಯಿತು. 1860ರಲ್ಲಿ ಬಂದ ದಂಡಸಂಹಿತೆಯ 494ನೇ ಕಲಮಿನಲ್ಲಿ ಎರಡನೇ ಮದುವೆಗೆ ಏಳು ವರ್ಷದ ತನಕ ಸಜೆಯಿತ್ತು. ಹಿಂದೂ ಗಂಡಸು ಎಷ್ಟು ಮದುವೆಯಾದರೂ ಆಗ ಅದು ಅಪರಾಧವಾಗುತ್ತಿರಲಿಲ್ಲ. ಸಿಕ್ಕಿಬೀಳುವವಳು ಹೆಂಡತಿ, ಅವಳ ಜೊತೆಗೆ ಅವಳನ್ನು ಕೂಡಿಕೊಂಡವನು. 1876ರಲ್ಲಿ ಮುಂಬೈ ಹೈಕೋರ್ಟು ಒಂದು ಮಾತು ಹೇಳಿತು: ಗಂಡ ಬದುಕಿರುವಾಗ ಮದುವೆ ಮುರಿಯಿತೆಂದು ಸಾರುವ, ಹೆಂಗಸಿಗೆ ಇನ್ನೊಂದು ಮದುವೆಗೆ ಅಪ್ಪಣೆ ಕೊಡುವ ಅಧಿಕಾರ ಜಾತಿಗೆ ಇಲ್ಲ, ಜಾತಿಯವರು ಒಪ್ಪಿದ್ದರು, ನಾನು ಪ್ರಾಮಾಣಿಕವಾಗಿ ನಂಬಿದ್ದೆ ಎಂದರೂ ಶಿಕ್ಷೆ ತಪ್ಪದು.

ವಕೀಲಳಾಗಿ ಈ ತೀರ್ಪನ್ನು ನಾನು ಹಲವು ಸಲ ಓದಿದ್ದೇನೆ. ಓದಲು ನ್ಯಾಯವಾಗಿಯೇ ಕಾಣುತ್ತದೆ. ದೈವದವರ ದರ್ಬಾರಿಗೆ ಮೂಗುದಾರ. ಪರಿಣಾಮ ಮಾತ್ರ ತಿರುವುಮುರುವು. ಗಂಡ ದೇಶಾಂತರ ಹೋಗಿದ್ದರೆ, ಹೊಡೆದು ಹೊರಗೆ ಹಾಕಿದ್ದರೆ, ಚೀಟಿ ಬರೆದುಕೊಡಲಾರೆನೆಂದು ಹಟ ಹಿಡಿದಿದ್ದರೆ, ಮುಂಚೆ ದೈವದವರು ಅವನನ್ನು ಕೇಳದೆಯೂ ಅಪ್ಪಣೆ ಕೊಡಬಹುದಾಗಿತ್ತು. ಈಗ ಆ ಬಾಗಿಲು ಮುಚ್ಚಿತು. ಗಂಡನೇ ಬರೆದುಕೊಟ್ಟ ಚೀಟಿ ಮಾತ್ರ ಉಳಿಯಿತು. ಇಬ್ಬರೂ ಒಪ್ಪಿ ರೂಢಿಯಂತೆ ಬಿಡುವುದನ್ನು ಕೋರ್ಟುಗಳು ಮಾನ್ಯ ಮಾಡುತ್ತಲೇ ಬಂದವು, 1894ರಲ್ಲಿ ಮದ್ರಾಸ್ ಹೈಕೋರ್ಟೂ ಹಾಗೇ ಹೇಳಿತು. ಆದರೆ ಕೀಲಿಕೈ ಒಬ್ಬನ ಕೈಯಲ್ಲೇ ಇದ್ದಾಗ ಒಪ್ಪಿಗೆಗೆ ಏನು ಅರ್ಥ? ಚೀಟಿಯ ದರ ಏರಿತೆಂದೇ ನನ್ನ ಅನುಮಾನ.

ಕೋರ್ಟಿನ ಹೊರಗೆ ಮುಗಿದ ಆ ಕಾಲದ ಅತಿ ದೊಡ್ಡ ದಾಂಪತ್ಯದ ಜಗಳವೂ ಮುಂಬೈಯದೇ. ರುಖಮಾಬಾಯಿಯ ಲಗ್ನವಾದದ್ದು ಹನ್ನೊಂದನೇ ವಯಸ್ಸಿನಲ್ಲಿ. ಗಂಡ ದಾದಾಜಿ ಭಿಕಾಜಿ 1884ರಲ್ಲಿ, ಹೆಂಡತಿ ತನ್ನ ಮನೆಗೆ ಬರಬೇಕೆಂದು ದಾವೆ ಹೂಡಿದ. ಮೊದಲು ನ್ಯಾಯಮೂರ್ತಿ ಪಿನ್ಹೆ ಅವಳ ಕಡೆ ತೀರ್ಪು ಕೊಟ್ಟರು. ಅಪೀಲಿನಲ್ಲಿ ಅದು ಬಿತ್ತು. 1887ರ ಮಾರ್ಚಿನಲ್ಲಿ ನ್ಯಾಯಮೂರ್ತಿ ಫ್ಯಾರನ್, ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳು ಜೈಲಿಗೆ ಹೋಗು ಎಂದರು. ಅವಳು ಜೈಲಿಗೆ ತಯಾರಾದಳು. ಪತ್ರಿಕೆಗಳಲ್ಲಿ ಟಿಳಕರು ಅವಳ ವಿರುದ್ಧ, ಸುಧಾರಕರು ಅವಳ ಪರ. ಕೊನೆಗೆ 1888ರ ಜುಲೈನಲ್ಲಿ ದಾದಾಜಿ 2,000 ರೂಪಾಯಿ ತೆಗೆದುಕೊಂಡು ತೀರ್ಪಿನ ಜಾರಿಯನ್ನು ಕೈಬಿಟ್ಟ. ಅವಳು ಲಂಡನ್ನಿಗೆ ಹೋಗಿ ಡಾಕ್ಟರಾದಳು, ಸೂರತ್ತು ರಾಜಕೋಟೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೆಂಗಸರ ಆಸ್ಪತ್ರೆ ನಡೆಸಿದಳು. ನಾಲ್ಕು ವರ್ಷದ ಕೋರ್ಟು ಕೊಡಲಾಗದ ಬಿಡುಗಡೆಯನ್ನು ಒಂದು ರಾಜಿ ಕೊಟ್ಟಿತು. ಆದರೆ ಅವಳ ಬಳಿ ಕೊಡಲು ಹಣವಿತ್ತು, ಬೆನ್ನಿಗೆ ಓದಿದ ಮಲತಂದೆಯಿದ್ದ, ಜೈಲಿಗಾದರೂ ಹೋಗುತ್ತೇನೆಂಬ ಹಟವಿತ್ತು. ಆ ಮೂರೂ ಇಲ್ಲದ ಎಷ್ಟು ಜನ ಸುಮ್ಮನೆ ಗಾಡಿ ಹತ್ತಿ ಗಂಡನ ಮನೆಗೆ ಹೋದರೋ.

ಆಮೇಲಿನ ಕಾಯ್ದೆಗಳ ಕತೆ ಎಲ್ಲರಿಗೂ ಗೊತ್ತಿರುವುದೇ, ಬೇಗ ಹೇಳಿಬಿಡುತ್ತೇನೆ. ಬರೋಡೆಯ ಸಯಾಜಿರಾವ್ ಗಾಯಕವಾಡರು 1931ರಲ್ಲೇ ಹಿಂದೂಗಳಿಗೆ ವಿಚ್ಛೇದನದ ಕಾಯ್ದೆ ತಂದರು. ಮುಂಬೈ ಪ್ರಾಂತ 1947ರಲ್ಲಿ, ಮದ್ರಾಸು 1949ರಲ್ಲಿ. ಮೈಸೂರು 1933ರಲ್ಲಿ ಹೆಂಗಸರ ಆಸ್ತಿಹಕ್ಕಿನ ಕಾಯ್ದೆ ಮಾಡಿ ಹೆಸರು ಗಳಿಸಿದ್ದರೂ ವಿಚ್ಛೇದನದ ಗೊಡವೆಗೆ ಹೋಗಲಿಲ್ಲ. ಹಿಂದೂ ಸಂಹಿತೆಯ ಕರಡು ಸಿದ್ಧಪಡಿಸಿದ ಸಮಿತಿಯ ಮುಖ್ಯಸ್ಥರು ನಮ್ಮ ಮಂಗಳೂರಿನ ಬೆನಗಲ್ ನರಸಿಂಗ ರಾಯರು. ಅದನ್ನು ಸದನದಲ್ಲಿ ಹೊತ್ತು ನಿಂತವರು ಅಂಬೇಡ್ಕರ್. ವಿಚ್ಛೇದನ ಹಿಂದೂಗಳಿಗೆ ಹೊಸದು ಎಂದು ಗದ್ದಲವೆದ್ದಾಗ ಅವರು ತೋರಿಸಿದ್ದು ಈ ಕಟ್ಟೆಯ ರೂಢಿಯನ್ನೇ: ಶೂದ್ರರೆನಿಸಿಕೊಂಡ ಬಹುಸಂಖ್ಯೆಯ ಜನರಲ್ಲಿ ಇದು ಮೊದಲಿನಿಂದ ಇದೆ. ಅವರು 1951ರಲ್ಲಿ ರಾಜೀನಾಮೆ ಕೊಟ್ಟರು, ಸಂಹಿತೆ ತುಂಡುತುಂಡಾಗಿ ಬಂತು, ವಿವಾಹ ಕಾಯ್ದೆ 1955ರಲ್ಲಿ. ಅದರ 29ನೇ ಕಲಮಿನಲ್ಲಿ, ರೂಢಿಯಿಂದ ಬಂದ ವಿಚ್ಛೇದನದ ಹಕ್ಕಿಗೆ ಈ ಕಾಯ್ದೆ ಅಡ್ಡಿಯಿಲ್ಲ ಎಂದು ಒಂದು ಸಾಲು ಸೇರಿತು. ಮಾವನವರು ಬೇವಿನ ಗಿಡದ ಕೆಳಗೆ ಬರೆಯುತ್ತಿದ್ದದ್ದು ಆ ಸಾಲಿನ ಆಸರೆಯಲ್ಲಿ. ಅವರಿಗೆ ಅದು ಗೊತ್ತಿರಲಿಲ್ಲವಷ್ಟೆ.

1955ರ ಕಾಯ್ದೆಯಲ್ಲಿ ಒಂದು ವಿಚಿತ್ರವಿತ್ತು. ಗಂಡ-ಹೆಂಡತಿ ಇಬ್ಬರೂ ಸಂಸಾರ ಬೇಡವೆಂದರೂ ಅಷ್ಟಕ್ಕೇ ವಿಚ್ಛೇದನ ಸಿಗುತ್ತಿರಲಿಲ್ಲ. ಒಬ್ಬರು ತಪ್ಪು ಮಾಡಿರಬೇಕು, ಇನ್ನೊಬ್ಬರು ಅದನ್ನು ಸಾಬೀತು ಮಾಡಬೇಕು. ಇಬ್ಬರೂ ಮಾತಾಡಿಕೊಂಡು ಬಂದದ್ದು ಗೊತ್ತಾದರೆ ಅದು ಶಾಮೀಲು, ಅರ್ಜಿ ವಜಾ. ಕಟ್ಟೆಯ ಮೇಲೆ ಒಪ್ಪಂದವೇ ಬಿಡುಗಡೆಯ ಬುನಾದಿ, ಕೋರ್ಟಿನೊಳಗೆ ಒಪ್ಪಂದವೇ ಗುನ್ಹೆ. ಇದು ನಮ್ಮ ತಪ್ಪಲ್ಲ, ಇಂಗ್ಲಿಷರ ಕಾಯ್ದೆಯಿಂದ ಬಂದ ಬಳುವಳಿ. ಅಲ್ಲಿ ಇದರ ತಮಾಷೆ ಇನ್ನೂ ಜೋರು. 1937ರ ತನಕ ಇಂಗ್ಲೆಂಡಿನಲ್ಲಿ ವಿಚ್ಛೇದನಕ್ಕೆ ವ್ಯಭಿಚಾರವೇ ದಾರಿಯಾಗಿದ್ದುದರಿಂದ, ಸಭ್ಯ ಗಂಡಂದಿರು ಸಮುದ್ರದಂಡೆಯ ಹೋಟೆಲಿನಲ್ಲಿ ಕೋಣೆ ಹಿಡಿದು, ಬಾಡಿಗೆಯ ಹೆಂಗಸಿನ ಜೊತೆ ರಾತ್ರಿಯಿಡೀ ಇಸ್ಪೀಟು ಆಡಿ, ಬೆಳಗಿನ ಚಹಾ ತರುವ ಕೆಲಸದವಳಿಗೆ ಸಾಕ್ಷಿಯಾಗಿ ಕಾಣಿಸಿಕೊಳ್ಳುತ್ತಿದ್ದರು. ಎ.ಪಿ. ಹರ್ಬರ್ಟ್ 1934ರಲ್ಲಿ ಈ ಬಗ್ಗೆ ಕಾದಂಬರಿ ಬರೆದು ಊರನ್ನೆಲ್ಲ ನಗಿಸಿ, ಆಮೇಲೆ ಪಾರ್ಲಿಮೆಂಟಿಗೇ ಆರಿಸಿಬಂದು ಕಾಯ್ದೆ ಬದಲಿಸಿದ. ನ್ಯೂಯಾರ್ಕಿನಲ್ಲಿ ಅದೇ ನಾಟಕ 1966ರ ತನಕ ನಡೆಯಿತು. ಕಾಸಿದ್ದವರು ನೆವಾಡಾದ ರೀನೋಗೆ ಹೋಗಿ ಆರು ವಾರ ಠಿಕಾಣಿ ಹೂಡಿ ಬಿಡುಗಡೆ ಪಡೆದು ಬರುತ್ತಿದ್ದರು. ಕ್ಯಾಲಿಫೋರ್ನಿಯಾ 1969ರಲ್ಲಿ ತಪ್ಪು ಹುಡುಕುವ ಆಟವನ್ನೇ ಕೈಬಿಟ್ಟಿತು. ಆ ಕಾಯ್ದೆಗೆ ಸಹಿ ಹಾಕಿದ ಗವರ್ನರ್ ರೊನಾಲ್ಡ್ ರೇಗನ್. ನಮ್ಮಲ್ಲಿ ವಿಶೇಷ ವಿವಾಹ ಕಾಯ್ದೆಯಲ್ಲಿ 1954ರಿಂದಲೇ ಇದ್ದ ಪರಸ್ಪರ ಸಮ್ಮತಿಯ ವಿಚ್ಛೇದನ, ಹಿಂದೂ ವಿವಾಹ ಕಾಯ್ದೆಗೆ 13ಬಿ ಆಗಿ ಸೇರಿದ್ದು 1976ರಲ್ಲಿ. ಒಂದು ವರ್ಷ ಬೇರೆ ಇರಬೇಕು, ಅರ್ಜಿ ಕೊಟ್ಟು ಆರು ತಿಂಗಳು ಕಾಯಬೇಕು, ಮತ್ತೆ ಬಂದು ಹೌದು ಎನ್ನಬೇಕು. ಕಟ್ಟೆಯ ಮಾತು ನೂರು ವರ್ಷ ಸುತ್ತುಹೊಡೆದು ಕೋರ್ಟಿನೊಳಗೆ ಬಂತು, ಈ ಸಲ ಹೆಣ್ಣಿನ ಸಹಿಯೊಂದಿಗೆ.

ತಪ್ಪು ಹುಡುಕುವುದು ನಿಂತರೂ ಜಗಳ ನಿಲ್ಲಲಿಲ್ಲ. ಮಕ್ಕಳು, ಮನೆ, ಪೋಟಗಿ ಇವೆಲ್ಲ ಉಳಿದೇ ಇದ್ದವಲ್ಲ. ಈ ಮಾತನ್ನು ತನ್ನ ಹೊಟ್ಟೆಪಾಡಿನಿಂದಲೇ ಕಲಿತವನು ಅಮೆರಿಕದ ಮಿನಿಯಾಪೊಲಿಸ್ ನಗರದ ಸ್ಟುವರ್ಟ್ ವೆಬ್. ಎಷ್ಟೋ ವರ್ಷ ಕುಟುಂಬದ ಮೊಕದ್ದಮೆ ನಡೆಸಿ ಬೇಸತ್ತಿದ್ದ ವಕೀಲ. ವಕೀಲಿಯನ್ನೇ ಬಿಟ್ಟುಬಿಡುವ ವಿಚಾರದಲ್ಲಿದ್ದವನು 1990ರ ಜನವರಿ 1ರಿಂದ ಒಂದು ನೇಮ ಹಾಕಿಕೊಂಡ: ಇನ್ನು ಮುಂದೆ ವಿಚ್ಛೇದನದ ಕೇಸಿನಲ್ಲಿ ಕೋರ್ಟಿಗೆ ಕಾಲಿಡುವುದಿಲ್ಲ, ಕೂಡಿ ಮಾತಾಡಿ ಮುಗಿಸುವುದಾದರೆ ಮಾತ್ರ ವಕಾಲತ್ತು. ಮುರಿದುಬಿದ್ದರೆ ಕಕ್ಷಿದಾರರು ಬೇರೆ ವಕೀಲರನ್ನು ನೋಡಿಕೊಳ್ಳಬೇಕು. ಆ ಫೆಬ್ರವರಿಯಲ್ಲಿ ಮಿನ್ನೆಸೋಟಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸ್ಯಾಂಡಿ ಕೀತ್ ಅವರಿಗೆ ಪತ್ರ ಬರೆದು ತನ್ನ ಯೋಚನೆಯನ್ನು ಬಿಡಿಸಿ ಹೇಳಿದ. ಊರಿನ ಕೆಲವು ವಕೀಲರು ಜೊತೆಗೂಡಿದರು. ಒಬ್ಬನೇ ಶಸ್ತ್ರ ಕೆಳಗಿಟ್ಟರೆ ಪ್ರಯೋಜನವಿಲ್ಲ, ಎದುರಿನವನೂ ಇಡಬೇಕು. ಅದಕ್ಕೇ ಇಬ್ಬರು ಕಕ್ಷಿದಾರರೂ ಇಬ್ಬರು ವಕೀಲರೂ ಮೊದಲ ದಿನವೇ ಒಂದು ಕರಾರಿಗೆ ಸಹಿ ಹಾಕುತ್ತಾರೆ.

ಆ ಕರಾರಿನ ಜಾಣತನ ತಿಳಿಯಬೇಕಾದರೆ ವಕೀಲರ ಮನಸ್ಸು ತಿಳಿದಿರಬೇಕು. ಸಾಮಾನ್ಯ ರಾಜಿಯ ಮಾತುಕತೆಯಲ್ಲಿ ನಮ್ಮ ಅರ್ಧ ಬುದ್ಧಿ ಕೋರ್ಟಿನಲ್ಲೇ ಇರುತ್ತದೆ. ಇವನು ಈಗ ಬಾಯಿಬಿಟ್ಟ ಸಂಬಳದ ಮಾತು ನಾಳೆ ಪಾಟೀ ಸವಾಲಿಗೆ ಬರುತ್ತದೆಂದು ಮೂಲೆಯಲ್ಲಿ ಬರೆದಿಟ್ಟುಕೊಳ್ಳುತ್ತೇವೆ. ರಾಜಿ ಮುರಿದರೆ ನಮಗೆ ನಷ್ಟವಿಲ್ಲ, ಫೀ ಮುಂದುವರಿಯುತ್ತದೆ. ವೆಬ್ ಈ ಆದಾಯದ ಬೇರಿಗೇ ಕೊಡಲಿ ಹಾಕಿದ. ಮುರಿದರೆ ಕಕ್ಷಿದಾರ ಹೋದ, ಅವನ ಜೊತೆ ಫೀಯೂ ಹೋಯಿತು. ಕ್ಯಾಲಿಫೋರ್ನಿಯಾದ ಪಾಲಿನ್ ಟೆಸ್ಲರ್ ಎಂಬ ವಕೀಲೆ ಮತ್ತು ಪೆಗ್ಗಿ ಥಾಂಪ್ಸನ್ ಎಂಬ ಮನಃಶಾಸ್ತ್ರಜ್ಞೆ ಇದಕ್ಕೆ ಮನಸ್ಸಿನ ಹದ ನೋಡುವವರನ್ನು, ಮಕ್ಕಳ ಪರವಾಗಿ ಮಾತಾಡುವವರನ್ನು, ಎರಡೂ ಕಡೆಗೆ ಒಂದೇ ಲೆಕ್ಕ ಇಡುವ ಹಣಕಾಸಿನವರನ್ನು ಸೇರಿಸಿದರು. ಟೆಕ್ಸಸ್ 2001ರಲ್ಲಿ ಇದನ್ನು ಕಾಯ್ದೆಗೆ ತಂದಿತು. 2009ರಲ್ಲಿ ಎಲ್ಲ ರಾಜ್ಯಗಳಿಗೂ ಹೊಂದುವ ಮಾದರಿ ಕಾಯ್ದೆ ತಯಾರಾಯಿತು; ದೌರ್ಜನ್ಯ ನಡೆದ ಸಂಸಾರವೇ ಎಂದು ವಕೀಲರು ಮೊದಲೇ ವಿಚಾರಿಸಬೇಕೆಂಬ ಮಾತು ಅದರಲ್ಲಿದೆ. ವಿರೋಧವೂ ಬಂತು. 2007ರಲ್ಲಿ ಕೊಲೊರಾಡೋದ ವಕೀಲರ ಸಂಘದ ನೀತಿ ಸಮಿತಿ, ಕಕ್ಷಿದಾರನನ್ನು ನಡುದಾರಿಯಲ್ಲಿ ಬಿಡುವ ಕರಾರಿಗೆ ವಕೀಲ ಸಹಿ ಹಾಕುವುದೇ ಅನೀತಿ ಎಂದಿತು; ಅದೇ ವರ್ಷ ಅಮೆರಿಕನ್ ಬಾರ್ ಅಸೋಸಿಯೇಷನ್, ಕಕ್ಷಿದಾರನಿಗೆ ತಿಳಿಸಿ ಒಪ್ಪಿಸಿದ್ದರೆ ತಪ್ಪಿಲ್ಲ ಎಂದಿತು. ಕೊಲೊರಾಡೋದವರ ತಕರಾರು ಹುರುಳಿಲ್ಲದ್ದಲ್ಲ. ಮಾತು ಮುರಿದರೆ ಮತ್ತೊಬ್ಬ ವಕೀಲನಿಗೆ ಮೊದಲಿನಿಂದ ಫೀ ಕಟ್ಟಲು ಗಂಡನಿಗೆ ಸಾಧ್ಯವಿದ್ದು ಹೆಂಡತಿಗೆ ಇಲ್ಲದಿದ್ದರೆ, ಅವಳು ಬೇಡದ ರಾಜಿಗೂ ತಲೆಯಾಡಿಸಿಯಾಳು.

ಬೇವಿನ ಗಿಡವನ್ನೂ ಮಿನಿಯಾಪೊಲಿಸ್ಸಿನ ಮೇಜನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಇದು. ಎರಡೂ ಕಡೆ ಕೋರ್ಟು ಹೊರಗಿದೆ. ಆದರೆ ಮಿನಿಯಾಪೊಲಿಸ್ಸಿನ ಹೆಂಗಸು ಮೇಜು ಬಿಟ್ಟು ಎದ್ದರೆ ಹೋಗಲು ಕೋರ್ಟಿದೆ, ಅಲ್ಲಿ ಆಸ್ತಿಯಲ್ಲಿ ಪಾಲಿದೆ. ವೆಬ್ ಬಾಗಿಲು ಮುಚ್ಚಿಕೊಂಡದ್ದು ತನಗೆ, ಅವಳಿಗಲ್ಲ. ಅವಳ ಮಾತಿಗೆ ಮೇಜಿನ ಮೇಲೆ ತೂಕ ಬರುವುದು ಆ ತೆರೆದ ಬಾಗಿಲಿನಿಂದ. ನಮ್ಮ ಕಟ್ಟೆಯ ಕೆಳಗೆ ನಿಂತವಳಿಗೆ ಎದ್ದು ಹೋಗಲು ಜಾಗವೇ ಇರಲಿಲ್ಲ. ಅದಕ್ಕೇ ಮೂರು ಸಾಲು ಸಾಕಾಯಿತು.

ನಮ್ಮ ರಾಜ್ಯದಲ್ಲಿ ಮೇ﻿ಜು ಬಂದದ್ದು ಬೆಂಗಳೂರಿನಿಂದ. ಕುಟುಂಬ ನ್ಯಾಯಾಲಯಗಳ 1984ರ ಕಾಯ್ದೆ ಮೊದಲು ರಾಜಿಗೆ ಯತ್ನಿಸಬೇಕೆಂದು ಹೇಳಿತ್ತು, ವಕೀಲರು ಹಕ್ಕಿನಿಂದ ಬರುವಂತಿಲ್ಲ ಎಂದೂ ಹೇಳಿತ್ತು. ಎರಡನೆಯದನ್ನು ನಾವು ವಕೀಲರು ಹೇಗೆ ದಾಟಿದೆವೆಂದು ಕೇಳಬೇಡಿ. ಅನುಮತಿ ಕೋರುವ ಅರ್ಜಿ ಎಂಬುದೊಂದಿದೆ. ದಿವಾಣಿ ಸಂಹಿತೆಯ 89ನೇ ಕಲಂ 2002ರಲ್ಲಿ ಜಾರಿಗೆ ಬಂದ ಮೇಲೆ, ಹೈಕೋರ್ಟಿನ ಆಸರೆಯಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರ ಜನವರಿ 1ರಂದು ತೆರೆಯಿತು. ವೆಬ್‌ನ ನೇಮದ ಹದಿನೇಳನೇ ಹುಟ್ಟುಹಬ್ಬದ ದಿನ, ಅದೊಂದು ಕಾಕತಾಳೀಯ. ಆಮೇಲೆ ಜಿಲ್ಲೆಗಳಿಗೂ ಬಂತು, ನಲವತ್ತು ತಾಸಿನ ತರಬೇತಿ ಮುಗಿಸಿ ನಾನೂ ಮಧ್ಯಸ್ಥಗಾರಳಾದೆ.

ಆ ಕೋಣೆಯಲ್ಲಿ ಮೊದಲು ಗಮನಕ್ಕೆ ಬರುವುದು ಕುರ್ಚಿಗಳು. ಗಂಡ, ಹೆಂಡತಿ ಸಮನಾಗಿ ಕೂಡುತ್ತಾರೆ; ಅಣ್ಣ, ಕಾಕಾ, ಸೋದರಮಾವ ಹೊರಗಿನ ಬಾಕಿನ ಮೇಲೆ. ಅಲ್ಲಿ ಆಡಿದ ಮಾತು ಕೋರ್ಟಿಗೆ ಹೋಗುವುದಿಲ್ಲ ಎಂದು ಮೊದಲೇ ಹೇಳುತ್ತೇವೆ, ಯಾರೂ ನಂಬುವುದಿಲ್ಲ. ಎರಡನೇ ಸಲ ಬಂದಾಗ ನಂಬುತ್ತಾರೆ. ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿದಾಗ ನಿಜವಾದ ಬೇಡಿಕೆ ಹೊರಬೀಳುತ್ತದೆ, ಅದು ಅರ್ಜಿಯಲ್ಲಿ ಬರೆದದ್ದಾಗಿರುವುದಿಲ್ಲ. ಹತ್ತು ಲಕ್ಷ ಕೇಳಿ ಅರ್ಜಿ ಹಾಕಿದವಳಿಗೆ ಬೇಕಾಗಿದ್ದದ್ದು ಬಿ.ಎಡ್. ಮುಗಿಸುವ ತನಕ ಮನೆ ಬಾಡಿಗೆ. ಮಗುವಿನ ಕಸ್ಟಡಿ ಬೇಕೆಂದು ಗುದ್ದಾಡಿದವನಿಗೆ ಬೇಕಾಗಿದ್ದದ್ದು ಜಾತ್ರೆಗೆ ಮಗುವನ್ನು ಊರಿಗೆ ಕರೆದುಕೊಂಡು ಹೋಗುವುದು, ಅಷ್ಟೆ. ಆಕಳಿನ ಜಾಗಕ್ಕೆ ಈಗ ಸ್ಕೂಟಿ ಬಂದಿದೆ, ಸೈಟಿನ ಕಂತು ಬಂದಿದೆ. ಬೆಳಗಿನ ತನಕ ಎಳೆಯುವುದರಲ್ಲಿ ಮಾತ್ರ ಬದಲಾವಣೆಯಿಲ್ಲ.

ಸುಪ್ರೀಂ ಕೋರ್ಟು 2013ರಲ್ಲಿ, ದಾಂಪತ್ಯದ ಜಗಳ ಕೋರ್ಟಿಗೆ ಬರುವ ಮೊದಲೇ ಮಧ್ಯಸ್ಥಿಕೆಗೆ ಅನುಕೂಲ ಮಾಡಿಕೊಡಬೇಕೆಂದಿತು. 2017ರಲ್ಲಿ ಆರು ತಿಂಗಳ ಕಾಯುವಿಕೆಯನ್ನು ತಕ್ಕ ಸಂದರ್ಭದಲ್ಲಿ ಬಿಡಬಹುದೆಂದಿತು. 2023ರಲ್ಲಿ ಮಧ್ಯಸ್ಥಿಕೆಗೇ ಒಂದು ಕಾಯ್ದೆ ಬಂತು. ಇಷ್ಟಾದರೂ 13ಬಿ ಅರ್ಜಿಗೆ ಡಿಕ್ರಿ ಕೊಡುವುದು ಕೋರ್ಟೇ. ನೂರು-ಇನ್ನೂರು ರೂಪಾಯಿಯ ಛಾಪಾಕಾಗದದ ಮೇಲೆ ವಿಚ್ಛೇದನ ಬರೆದು ನೋಟರಿಯ ಮುದ್ರೆ ಒತ್ತಿಸಿಕೊಂಡು, ಮತ್ತೊಂದು ಮದುವೆಯೂ ಆಗಿ, ಆಮೇಲೆ ನಮ್ಮ ಆಫೀಸಿನ ಮೆಟ್ಟಿಲು ಹತ್ತುವವರು ಇನ್ನೂ ಇದ್ದಾರೆ. ಅವರು ಬರೆಸಿದ್ದು ಸೋಡಚೀಟಿಯೂ ಅಲ್ಲ, ಡಿಕ್ರಿಯೂ ಅಲ್ಲ. ರೂಢಿಯ ವಿಚ್ಛೇದನ ಎನ್ನುವವರು ತಮ್ಮ ಜಾತಿಯಲ್ಲಿ ಆ ರೂಢಿ ಇದೆಯೆಂದು ಹೇಳಿ ಸಾಬೀತು ಮಾಡಬೇಕೆಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಮದುವೆ, ವಿಚ್ಛೇದನದ ಪತ್ರ ಮಾಡಿಕೊಡುವುದು ನೋಟರಿಯ ಕೆಲಸವಲ್ಲ ಎಂದು ಕೇಂದ್ರ ಸರಕಾರ 2024ರ ಅಕ್ಟೋಬರಿನಲ್ಲಿ ತಾಕೀತು ಮಾಡಿತು. ಮಾವನವರು ಇದ್ದಿದ್ದರೆ, ಬರಿಯಾಂವನ ಮ್ಯಾಲ ಯಾಕ ಸಿಟ್ಟು ಎನ್ನುತ್ತಿದ್ದರು.

ನಮ್ಮ ಮಧ್ಯಸ್ಥಿಕೆಯಲ್ಲಿ ವೆಬ್‌ನ ಗಂಟು ಮಾತ್ರ ಇಲ್ಲ. ರಾಜಿ ಮುರಿದರೆ ಅದೇ ವಕೀಲರು ಅದೇ ಕೋಟು ಕೊಡವಿಕೊಂಡು ಕೋರ್ಟ್ ಹಾಲಿಗೆ ನಡೆಯುತ್ತಾರೆ. ಇದನ್ನು ಬದಲಿಸಬಹುದೇ ಎಂದು ನಮ್ಮ ಬಾರಿನಲ್ಲಿ ಮಾತೆತ್ತಿದಾಗ ಹಿರಿಯರೊಬ್ಬರು, "ಮೇಡಂ, ಫೀ ಬ್ಯಾಡ ಅನ್ನೋ ವಕೀಲನ್ನ ನೀವ ಹುಟ್ಟಿಸಬೇಕು" ಅಂದರು. ಆದರೂ ಈಚೆಗೆ ಒಂದು ಪ್ರಕರಣದಲ್ಲಿ ನಾನೂ ಎದುರು ಪಕ್ಷದ ಕಿರಿಯ ವಕೀಲರೂ ಧೈರ್ಯ ಮಾಡಿದೆವು. ಇಬ್ಬರೂ ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಒಂದು ಮಗು, ಒಂದು ಮನೆ ಸಾಲ, ಹೊಡೆತ ಬಡಿತದ ಮಾತಿಲ್ಲ. ಮಾತು ಮುರಿದರೆ ನಾವಿಬ್ಬರೂ ಈ ಕೇಸಿನಿಂದ ಹೊರಗೆ ಎಂದು ಕರಾರು ಬರೆದೆವು. ಕರಾರು ಕಾಯ್ದೆಯ 28ನೇ ಕಲಂ ಯಾರಿಗೂ ಕೋರ್ಟಿನ ದಾರಿ ಪೂರ್ತಿ ಮುಚ್ಚಲು ಬಿಡುವುದಿಲ್ಲ, ಹಾಗಾಗಿ ಕಟ್ಟಿಕೊಂಡದ್ದು ನಮ್ಮ ಕೈಗಳನ್ನಷ್ಟೇ. ಕಕ್ಷಿದಾರರಿಗೆ ಕೋರ್ಟಿನ ದಾರಿ ತೆರೆದೇ ಇದೆಯೆಂಬ ಮಾತು ಕರಡಿನ ಕೊನೆಯ ಪುಟದಲ್ಲಿತ್ತು. ಹುಡುಗಿ ಪೂರಾ ಓದಿ, ಪೆನ್ನು ಕೆಳಗಿಟ್ಟಳು.

"ಮುರದ್ರ ನಾ ಕೋರ್ಟಿಗೆ ಹೋಗಬಹುದು ಅನ್ನೋದನ್ನ ಮೊದಲನೇ ಕಲಂ ಮಾಡ್ರಿ ಮೇಡಂ. ಆಮ್ಯಾಲ ಸಹಿ ಹಾಕ್ತೀನಿ."

ಗಂಡ ಆಗಲಿ ಎಂದ. ಪುಟ ತಿದ್ದಿ ಮತ್ತೆ ಪ್ರಿಂಟ್ ತೆಗೆದು ನಾಲ್ವರೂ ಸಹಿ ಹಾಕಿದೆವು. ಮನೆ ಸಾಲದ ಉಳಿದ ಕಂತುಗಳ ಲೆಕ್ಕವನ್ನು ಬರುವ ಶನಿವಾರಕ್ಕೆ ಇಟ್ಟುಕೊಂಡೆವು.